ಬೆಂಕೀಪುರಕ್ಕೆ ಹೊರಟ ಮೀನುಗಳು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದವು ಮೀನುಗಳು. ಅವುಗಳದ್ದು ಆದಮೇಲೆ ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಹೆಂಗಸರು. ಶಿವಮೊಗ್ಗದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಉದ್ದನೆಯ ಮನೆ, ಒಂದರ ಬೆನ್ನಿಗೆ ಒಂದು ಕೋಣೆ. ಜಗಲಿಯಲ್ಲಿ ನಿಂತು ಕೂಗಿದರೆ ಹಿತ್ತಲಲ್ಲಿದ್ದವರಿಗೆ ಕೇಳಿಸದು. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ದಾಟಿ ಹೋದರೆ ಹಿತ್ತಲು, ಅಲ್ಲಿ ನಾಲ್ಕು ಮೆಟ್ಟಿಲಿನ ಕಲ್ಲಿನ ಕೊಳ. ಅಪ್ಪನ ತಾಯಿ, ನಮ್ಮ ಅಜ್ಜಿ, ಬೆಳಿಗ್ಗೆ ಮಿಂದು ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಅನ್ನ ಬಸಿದ ಕೂಡಲೇ ಒಂದು ಹಿಡಿ ತೆಗೆದು ಬಾಳೆಲೆಯ ಚೂರಿನಲ್ಲಿ ಆರಿಸಿ ಕೊಳಕ್ಕೆ ಒಯ್ಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಎರಡು ಸಲ ಚಪ್ಪಾಳೆ ತಟ್ಟಿದರೆ ಏಳು ಮೀನು ಮೇಲೆ ಬರುತ್ತಿದ್ದವು. ಅವು ತಿಂದು ಮುಗಿಸುವವರೆಗೆ ದೊಡ್ಡಪ್ಪನಿಗೆ ಅಂಗಡಿಗೆ ಹೊತ್ತಾದರೂ ಸರಿ, ಯಾರೂ ಎಲೆ ಹಾಕುವಂತಿಲ್ಲ. ನಾವು ಮೀನು ತಿನ್ನುವ ಜನ ಅಲ್ಲ. ಪಕ್ಕದ ಓಣಿಯಲ್ಲಿ ಯಾರೋ ಮೀನು ಹುರಿದರೆ ಅಜ್ಜಿ ಕಿಟಕಿ ಮುಚ್ಚಿಸುತ್ತಿದ್ದಳು. ಆದರೂ ನಮ್ಮ ಹಿತ್ತಲಲ್ಲಿ ಏಳು ಗೆಂಡೆ ಮೀನು ಮಕ್ಕಳಿಗಿಂತ ಚೆನ್ನಾಗಿ ಬೆಳೆದಿದ್ದವು.

ಅವು ಬಂದದ್ದು ಹೀಗೆ. ನಡುಮನೆಯ ಎಡಕ್ಕೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು, ಬಾಣಂತಿ ಕೋಣೆ. ನಾನು ಹುಟ್ಟಿದ್ದು ಅಲ್ಲೇ. ನನ್ನ ಬೆನ್ನಿಗೆ ಅವ್ವ ಇಬ್ಬರು ಗಂಡುಮಕ್ಕಳನ್ನು ಅಲ್ಲೇ ಹೆತ್ತಳು. ಒಬ್ಬ ಒಂಬತ್ತು ದಿನ ಇದ್ದ. ಇನ್ನೊಬ್ಬ ಅಳಲೇ ಇಲ್ಲ. ಎರಡನೆಯವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಪ್ಪ ಹಿಂದಿನ ಬಾಗಿಲಿನಿಂದ ತೆಗೆದುಕೊಂಡು ಹೋದದ್ದನ್ನು ನಾನು ಬಚ್ಚಲ ಒಲೆಯ ಹಿಂದೆ ಕೂತು ನೋಡಿದ್ದೆ. ಆ ಮೇಲೆ ಆ ಕೋಣೆಯ ಮುಂದೆ ನಡೆಯಬೇಕಾದರೆ ಉಸಿರು ಬಿಗಿಹಿಡಿದು ಓಡುತ್ತಿದ್ದೆ. ಅಜ್ಜಿ ಅತ್ತದ್ದು ನಾನು ಕಾಣೆ. ಅವಳು ಹೊಳೆದಂಡೆಗೆ ಹೋಗಿ, ಬಲೆ ಹಾಕುವ ಹೊನ್ನಕ್ಕನ ಬುಟ್ಟಿಯಿಂದ ಸಾಯಬೇಕಾಗಿದ್ದ ಏಳು ಮರಿಗಳನ್ನು ಬಿಡಿಸಿಕೊಂಡು ಕೊಡಪಾನದಲ್ಲಿ ತಂದು ಕೊಳಕ್ಕೆ ಬಿಟ್ಟಳು. ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹರಕೆ ಹೇಳಿದಳು.

"ಇವನ್ನ ಮಕ್ಕಳ ಹಂಗೆ ಸಾಕ್ತೀನಿ. ಈ ಮನೆ ಸೊಸೆ ಮಡಿಲಲ್ಲಿ ಇನ್ನೊಂದು ಕೂಸು ಬದುಕಿ ತೊಟ್ಟಿಲಿಗೆ ಬಂದ ದಿನ ಏಳನ್ನೂ ಹೊಳೆಗೆ ಬಿಡ್ತೀನಿ. ಅಲ್ಲೀವರೆಗೆ ಒಂದೂ ಕಮ್ಮಿ ಆಗಬಾರದು."

"ಕಮ್ಮಿ ಆದ್ರೆ ಏನಾಗುತ್ತೆ ಅಜ್ಜಿ?" ಎಂದು ಕೇಳಿದೆ.

"ಅಂಥ ಮಾತು ಬಾಯಲ್ಲಿ ಆಡಬಾರದು" ಎಂದು ನನ್ನ ಬಾಯಿಗೆ ಒಂದು ಏಟು ಹಾಕಿದಳು.

ಏನಾಗುತ್ತದೆ ಎಂದು ಹೇಳಿಬಿಟ್ಟಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಮಕ್ಕಳು ತಾವೇ ತುಂಬಿಕೊಳ್ಳುತ್ತಾರೆ, ನಾನೂ ತುಂಬಿಕೊಂಡೆ. ದಿನಾ ಶಾಲೆಗೆ ಹೊರಡುವ ಮೊದಲು ಹಿತ್ತಲಿಗೆ ಹೋಗಿ ಮೀನು ಎಣಿಸುತ್ತಿದ್ದೆ. ನಾನು ಓದಿದ್ದು ಮೂರನೆ ತರಗತಿಯವರೆಗೆ. ಏಳರವರೆಗಿನ ಲೆಕ್ಕ ಮಾತ್ರ ಮೇಷ್ಟರಿಗಿಂತ ಮೊದಲು ಮೀನುಗಳು ಕಲಿಸಿದ್ದವು. ಆರೇ ಕಂಡರೆ ಏಳನೆಯದು ಕಲ್ಲಿನ ಸಂದಿಯಿಂದ ಈಚೆ ಬರುವವರೆಗೆ ಅಲ್ಲೇ ನಿಲ್ಲುತ್ತಿದ್ದೆ. ಶಾಲೆಗೆ ತಡವಾಗಿ ಹೋಗಿ ಬೆತ್ತದ ಏಟು ತಿನ್ನುತ್ತಿದ್ದೆ. ಮೀನು ಎಣಿಸುತ್ತಿದ್ದೆ ಎಂದು ಯಾವತ್ತೂ ಹೇಳಲಿಲ್ಲ.

ಎರಡು ವರ್ಷ ಕಳೆದು ಅವ್ವ ಮತ್ತೆ ಬಸುರಿಯಾದಳು. ಅದೇ ಹೊತ್ತಿಗೆ ಮನೆ ಒಡೆಯಿತು. ಮನೆ ಒಡೆಯುವುದು ಎಂದರೆ ಗಂಡಸರು ಜಗಲಿಯಲ್ಲಿ ಕೂತು ಮಾತಾಡುವುದು ಎಂದು ಜನ ತಿಳಿದಿದ್ದಾರೆ. ಅದು ಒಡೆಯುವುದು ಅಡುಗೆಮನೆಯಲ್ಲಿ. ಮೊದಲು ಉಪ್ಪಿನ ಮರಿಗೆ ಎರಡಾಯಿತು, ಆಮೇಲೆ ಒಲೆ ಎರಡಾಯಿತು, ಆಮೇಲೆ ನಡುವೆ ಗೋಣಿತಾಟು ಇಳಿಬಿಟ್ಟರು. ಒಂದು ದಿನ ಎಂದಿನಂತೆ ದೊಡ್ಡಮ್ಮನ ಒಲೆಯ ಮುಂದೆ ತಟ್ಟೆ ಇಟ್ಟುಕೊಂಡು ಕೂತೆ. ದೊಡ್ಡಮ್ಮ ತನ್ನ ಮಕ್ಕಳಿಗೆ ಮುದ್ದೆ ಹಾಕಿ, ನನ್ನ ತಟ್ಟೆಯನ್ನು ಕಾಲಿನಿಂದಲ್ಲ, ಕೈಯಿಂದಲೇ, ಮೆಲ್ಲಗೆ ಗೋಣಿತಾಟಿನ ಆಚೆಗೆ ಸರಿಸಿದಳು.

"ನಿಂದು ಆ ಕಡೆ ಒಲೆ ಕಣೆ ಪಾರಿ. ಇನ್ಮೇಲೆ ಅಲ್ಲಿ ಉಣ್ಣು."

ಬೈದಿದ್ದರೆ ಮರೆಯುತ್ತಿದ್ದೆ. ಮನೆಯಿಂದ ಯಾರನ್ನು ಕಳಿಸಬೇಕೆಂದು ಇದೆಯೋ ಅವರಿಗೆ ಮೊದಲು ಅನ್ನ ನಿಲ್ಲಿಸುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು. ಮುಂದೆ ಆದದ್ದಕ್ಕೆಲ್ಲ ಈ ತಟ್ಟೆಯೇ ಕಾರಣ ಎಂದು ನೆಪ ಹೇಳುತ್ತಿಲ್ಲ. ಮಾಡಿದವಳು ನಾನೇ.

ಮನೆ ದೊಡ್ಡಪ್ಪನ ಪಾಲಿಗೆ ಹೋಯಿತು. ಹಿತ್ತಲಲ್ಲಿ ಬೆಲ್ಲದ ಉಗ್ರಾಣ ಕಟ್ಟುತ್ತೇನೆ, ಯುಗಾದಿಯೊಳಗೆ ಕೊಳ ಮುಚ್ಚುತ್ತೇನೆ ಎಂದ. ಅಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿ, ಸಾಲುಮನೆಯಲ್ಲಿ ಒಂದು ಮನೆ ಕೊಟ್ಟಿದ್ದರು. ಅಜ್ಜಿ ಆ ಊರನ್ನು ಭದ್ರಾವತಿ ಎನ್ನುತ್ತಲೇ ಇರಲಿಲ್ಲ, ಹಳೇ ಹೆಸರು ಹಿಡಿದು ಬೆಂಕೀಪುರ ಎನ್ನುತ್ತಿದ್ದಳು. ಆ ಹೆಸರು ಕೇಳಿಯೇ ನನಗೆ ಚಳಿ ಬರುತ್ತಿತ್ತು. ಅಲ್ಲಿ ಕಬ್ಬಿಣವನ್ನು ನೀರಿನ ಹಾಗೆ ಕುದಿಸಿ ಹರಿಸುತ್ತಾರೆ ಎಂದು ದೊಡ್ಡಮ್ಮನ ಮಗಳು ಹೇಳಿದ್ದಳು. ಬೆಂಕಿಯ ಊರಿಗೆ ಮೀನು ಒಯ್ಯುವುದು ಹೇಗೆ? ಎಂಟು ತಿಂಗಳು ತುಂಬಿದ ಮೇಲೆ ಬಸುರಿ ಊರು ಬದಲಾಯಿಸಬಾರದು. ಅವ್ವನಿಗೆ ಏಳು ನಡೆಯುತ್ತಿತ್ತು. ಹಾಗಾಗಿ ಶಿವರಾತ್ರಿ ಕಳೆದ ವಾರದಲ್ಲೇ ಹೊರಡಬೇಕಾಯಿತು. ಅವ್ವನನ್ನು ಅಪ್ಪ ರೈಲಿನಲ್ಲಿ ಕರೆದುಕೊಂಡು ಹೋಗುವುದೆಂದಾಯಿತು. ಮೀನಿನ ಮಾತು ಬಂದಾಗ ಅವನು ಎದ್ದು ನಿಂತುಬಿಟ್ಟ.

"ಹಣೆ ತುಂಬ ವಿಭೂತಿ ಇಟ್ಕೊಂಡು ಮೀನಿನ ಬಾನಿ ಹೊತ್ಕೊಂಡು ರೈಲು ಹತ್ಲಾ? ಕಾರ್ಖಾನೆ ಜನ ಅರ್ಧ ಅದೇ ಡಬ್ಬೀಲಿರ್ತಾರೆ. ನಾಳೆಯಿಂದ ನನ್ನ ಹೆಸರೇ ಬೇರೆ ಆಗುತ್ತೆ."

"ನಿನ್ನ ಹೆಸರಿಗೆ ಏನೂ ಆಗಲ್ಲ, ಇದ್ರೆ ತಾನೆ?" ಎಂದಳು ಅಜ್ಜಿ. "ನೀನು ಹೋಗು. ಮೀನು ನಂದು. ಗಾಡೀಲಿ ನಾನು ತರ್ತೀನಿ. ಪಾರಿ ನನ್ನ ಜೊತೆ ಬರ್ಲಿ."

ಸಾಮಾನಿನ ಗಾಡಿಯಲ್ಲಿ ಬೆಳಕು ಹರಿಯುವಾಗ ಹೊರಟರೆ ಹೊತ್ತು ನೆತ್ತಿಗೇರುವ ಮೊದಲು ಭದ್ರಾವತಿ ಸೇರಬಹುದಿತ್ತು. ಅಜ್ಜಿ ಮೀನಿಗೆಂದು ದೇವರ ಕೋಣೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಥಳಥಳ ಉಜ್ಜಿಸಿದ್ದಳು. ಹೊನ್ನಕ್ಕ ಬಂದು ನೋಡಿ ತಲೆಗೆ ಕೈ ಹೊತ್ತಳು. ಅವಳು ಹಿತ್ತಲಿಗೆ ಕಾಲಿಟ್ಟದ್ದಕ್ಕೇ ದೊಡ್ಡಮ್ಮ ತಾಟಿನ ಆಚೆಯಿಂದ, "ಶಿವ ಶಿವಾ, ಬಲೆಯೋರೂ ಬಂದಾಯ್ತು, ಇನ್ನು ಮಸಾಲೆ ಅರೆಯೋದೊಂದು ಬಾಕಿ" ಎಂದು ಗೊಣಗಿದಳು. ಹೊನ್ನಕ್ಕ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಅಜ್ಜಿಗೆ ಹೇಳಿದಳು.

"ಅಮ್ಮೋರೆ, ತಾಮ್ರ ದೇವರಿಗೆ ಸರಿ. ಇವುಕ್ಕೆ ವಿಷ. ಮಣ್ಣಿನ ಬಾನಿ ತಗೊಳ್ರಿ, ಬಾಯಿ ಅಗಲ ಇರ್ಬೇಕು. ಇದೇ ಕೊಳದ ನೀರು ಅರ್ಧ ಮಾತ್ರ. ಪೂರ್ತಿ ತುಂಬಿದ್ರೆ ಉಸಿರಾಡೋಕೆ ಜಾಗ ಎಲ್ಲೈತೆ? ಮೇಲೆ ಒದ್ದೆ ಬಟ್ಟೆ, ತೆಳ್ಳಂದು. ಎರಡು ದಿನ ಮುಂಚೆಯಿಂದ ಒಂದು ಅಗುಳು ಹಾಕ್ಬೇಡ್ರಿ. ಹೊಟ್ಟೆ ಖಾಲಿ ಇದ್ರೆ ಬದುಕ್ತವೆ."

"ಅಲ್ಲಿ ಹೋದ ಮೇಲೆ?"

"ಹೋದ ತಕ್ಷಣ ಸುರಿದೀರಿ ಮತ್ತೆ! ಅಲ್ಲೀ ನೀರನ್ನ ಚೊಂಬು ಚೊಂಬು ಇದ್ರೊಳಗೆ ಹಾಕ್ರಿ. ನೀರಿಗೆ ನೀರು ಪರಿಚಯ ಆಗ್ಬೇಕು. ಹೊಸ ಸೊಸೆನ ಬಂದ ದಿನಾನೇ ಒಲೆ ಮುಂದೆ ಕೂರಿಸಿದ್ರೆ ಏನಾಗ್ತದೆ? ಹಂಗೆ."

ತಾಟಿನ ಆಚೆ ದೊಡ್ಡಮ್ಮನ ಗೊಣಗಾಟ ನಿಂತಿತು. ಇದೆಲ್ಲ ನಾನು ಕೇಳಿಸಿಕೊಂಡದ್ದಲ್ಲ, ಆಮೇಲೆ ಅಜ್ಜಿ ಹೇಳಿದ್ದು. ಆ ಹೊತ್ತಿಗೆ ನಾನು ಶಾಲೆಯಲ್ಲಿದ್ದೆ. ನನಗೆ ಅಜ್ಜಿ ಹೇಳಿದ್ದು ಇಷ್ಟೇ: "ಎರಡು ದಿನ ಮೀನಿಗೆ ಅನ್ನ ಇಲ್ಲ." ಯಾಕೆ ಎಂದು ನಾನು ಕೇಳಲಿಲ್ಲ. ಆಗೆಲ್ಲ ದೊಡ್ಡವರು ಕಾರಣ ಹೇಳುತ್ತಿರಲಿಲ್ಲ, ಮಕ್ಕಳು ಕೇಳುತ್ತಿರಲಿಲ್ಲ. ಎರಡು ದಿನ ನಾನು ಕೊಳದ ಹತ್ತಿರ ಹೋದಾಗಲೆಲ್ಲ ಅವು ಚಪ್ಪಾಳೆ ತಟ್ಟದೆಯೇ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

ನಮ್ಮಲ್ಲಿ ಒಂದು ಪದ್ಧತಿ. ಊರು ಬಿಟ್ಟು ಹೊರಡುವವರು ಯಾರೇ ಆಗಲಿ ಮೊಸರನ್ನ ಉಂಡೇ ಹೊಸ್ತಿಲು ದಾಟಬೇಕು. ಹಸಿದು ಹೊರಟವರು ತಿರುಗಿ ಬರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಹೊರಟ ದಿನ ಬೆಳಿಗ್ಗೆ ಅವ್ವ ಅಪ್ಪ ಉಂಡರು. ನಾನು ಉಂಡೆ. ಗಾಡಿಯ ಕರಿಯಣ್ಣನಿಗೆ ಎಲೆ ತುಂಬ ಬಡಿಸಿದರು. ಅವನ ಎತ್ತುಗಳಿಗೂ ಒಂದೊಂದು ತುತ್ತನ್ನು ಬೆಲ್ಲದ ಜೊತೆ ತಿನ್ನಿಸಿದರು. ಹೊನ್ನಕ್ಕ ಕತ್ತಲು ಹರಿಯುವ ಮೊದಲೇ ಬಂದು ಒದ್ದೆ ಪಂಚೆಯಲ್ಲಿ ಮೀನುಗಳನ್ನು ಎತ್ತಿ ಬಾನಿಗೆ ಬಿಟ್ಟು ಹೋಗಿದ್ದಳು. ಬಾನಿ ಹಿತ್ತಲ ಬಾಗಿಲಲ್ಲಿತ್ತು. ಎಲ್ಲರಿಗೂ ಕೊಟ್ಟು ಅವುಗಳಿಗೆ ಮಾತ್ರ ಇಲ್ಲ. ನನ್ನ ತಟ್ಟೆಯಲ್ಲಿ ಉಳಿದಿದ್ದ ಮೊಸರನ್ನವನ್ನು ಸೆರಗಿಲ್ಲದ ಲಂಗದ ಮಡಿಲಲ್ಲಿ ಮುಚ್ಚಿಕೊಂಡು ಹೋಗಿ, ಬಟ್ಟೆ ಎತ್ತಿ, ಎರಡು ಹಿಡಿ ಹಾಕಿಬಿಟ್ಟೆ. ಅವು ಗಬಗಬ ತಿಂದವು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಕೈ ತೊಳೆಯದೆ ಹೋಗಿ ಅವ್ವನ ಪಕ್ಕ ನಿಂತುಕೊಂಡೆ. ಅವ್ವ ರೈಲಿಗೆ ಹೊರಡುವ ಮೊದಲು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು.

"ಅಜ್ಜಿಗೆ ಕಣ್ಣು ಮಂಜು. ನೀನು ನೋಡ್ಕೊ ಪಾರಿ. ಏಳೂ ಬರ್ಬೇಕು."

ಗಾಡಿಯಲ್ಲಿ ಹುಲ್ಲು ಹಾಸಿ ನಡುವೆ ಬಾನಿ ಇಟ್ಟು, ಈ ಕಡೆ ಅಜ್ಜಿ, ಆ ಕಡೆ ನಾನು ಕಾಲಿನಿಂದ ಆನಿಸಿ ಕೂತಿದ್ದೆವು. ಹಿಂದೆ ಪಾತ್ರೆ ಪಗಡಿ, ಹಾಸಿಗೆ ಸುರುಳಿ, ಒನಕೆ, ಒರಳು. ಒಂದು ಹರಿದಾರಿ ಹೋಗುವವರೆಗೆ ತಂಪಿತ್ತು. ಮಾಚೇನಹಳ್ಳಿಯ ಹತ್ತಿರ ಬಿಸಿಲು ಏರಿತು. ಬಟ್ಟೆಯ ಒಳಗಿನಿಂದ ಏನೋ ಹುಳಿ ವಾಸನೆ ಬರತೊಡಗಿತು. ಮೊದಲು ನನ್ನ ಕೈಯದೇ ಎಂದುಕೊಂಡೆ. ಅಜ್ಜಿ ಮೂಗು ಎಳೆದಳು.

"ಕರಿಯಣ್ಣ, ನಿನ್ನ ಬುತ್ತಿ ಹಳಸಿತೇನೋ?"

"ನನ್ನ ಬುತ್ತಿ ಹೊಟ್ಟೇಲೈತೆ ಅಮ್ಮೋರೆ" ಎಂದ ಅವನು.

ನಾನು ಬಟ್ಟೆಯ ಅಂಚು ಎತ್ತಿ ನೋಡಿದೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಏಳು ಬಾಯಿಗಳು ನೀರಿನ ಮೇಲೆ. ಅನ್ನ ಕೇಳುವಾಗ ತೆರೆಯುವ ಬಾಯಿ ಅಲ್ಲ ಅದು. ತೆರೆದದ್ದು ಮುಚ್ಚುತ್ತಲೇ ಇಲ್ಲ. ಒಂದು ಮೀನು ಅಡ್ಡ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಬಟ್ಟೆ ಮುಚ್ಚಿಬಿಟ್ಟೆ. ನೀರನ್ನು ಕೆಡಿಸಿದ್ದು ಏನು ಎಂದು ಆ ಗಾಡಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ಬಿಟ್ಟರೆ ಅಜ್ಜಿ ಕೊಲ್ಲುತ್ತಾಳೆ. ಬಿಡದಿದ್ದರೆ ಇವು ಸಾಯುತ್ತವೆ, ಇವು ಸತ್ತರೆ ಆ ಬಿಳಿ ಬಟ್ಟೆಯ ಗಂಟು, ಮತ್ತೆ ಹಿಂದಿನ ಬಾಗಿಲು. ಅವ್ವ ಈ ಹೊತ್ತಿಗೆ ರೈಲಿನಲ್ಲಿ ಕೂತಿದ್ದಾಳೆ, ಅವಳ ಹೊಟ್ಟೆಯೊಳಗೆ ಅದೂ ಹೀಗೇ ಬಾಯಿ ತೆರೆದುಕೊಂಡು ಇರಬಹುದು ಎಂದು ಯೋಚನೆ ಬಂತು. ಬಂದ ಯೋಚನೆ ಹೋಗಲಿಲ್ಲ. ಗಾಡಿಯ ಚಕ್ರ ಒಂದು ಸುತ್ತು ತಿರುಗುವುದರೊಳಗೆ ಹೇಳುತ್ತೇನೆ ಎಂದುಕೊಂಡೆ. ಎಷ್ಟು ಸುತ್ತು ತಿರುಗಿತೋ. ಅಷ್ಟರಲ್ಲಿ ಅಜ್ಜಿಯೇ ಬಟ್ಟೆ ಎತ್ತಿದಳು.

"ಅಯ್ಯೋ ಶಿವನೇ, ಬಿಸಿಲು ತಾಗ್ತು ಕಣೇ! ಕರಿಯಣ್ಣ, ಬೇಗ ಹೊಡಿ. ನೆರಳು ಬೇಕು, ಬೇಗ ಊರು ಸೇರ್ಬೇಕು!"

ಕರಿಯಣ್ಣ ಎತ್ತಿನ ಬಾಲ ತಿರುವಿದ. ಗಾಡಿ ಜೋರಾಯಿತು. ಬಲಗಡೆ ಒಂದು ಹಳ್ಳ ಬರುತ್ತಿರುವುದು ನನಗೆ ಕಂಡಿತು, ಹೊಂಗೆ ಮರದ ಕೆಳಗೆ ತಿಳಿಯಾದ ನೀರು. ಬಿಸಿಲು ಎಂದೇ ಅಜ್ಜಿ ನಂಬಿದರೆ ಗಾಡಿ ಅದನ್ನು ದಾಟಿ ಹೋಗಿಬಿಡುತ್ತದೆ.

"ನಿಲ್ಸು!" ಎಂದು ಚೀರಿದೆ. "ಬಿಸಿಲಲ್ಲ ಅಜ್ಜಿ. ನಾನು ಮೊಸರನ್ನ ಹಾಕಿದೀನಿ."

ಅಜ್ಜಿ ನನ್ನನ್ನು ನೋಡಿದಳು. ಆ ನೋಟ ನನಗೆ ಈಗಲೂ ಗೊತ್ತಿದೆ, ಬರೆದು ತೋರಿಸಲು ಬರುವುದಿಲ್ಲ. ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯನ್ನು ಕರಿಯಣ್ಣನ ಬೆನ್ನಿಗೆ ಬಡಿದಳು.

"ನಿಲ್ಸೋ! ಗಾಡಿ ನಿಲ್ಸು! ಎಷ್ಟು ಹಾಕಿದೆ?"

"ಎರಡು ಹಿಡಿ."

"ಯಾಕೆ ಹಾಕಿದೆ, ಮುಂಡೇದೆ?"

"ಎತ್ತಿಗೂ ಕೊಟ್ರಿ. ಅವುಕ್ಕೆ ಕೊಡ್ಲಿಲ್ಲ."

ಅಜ್ಜಿ ಸೀರೆ ಎತ್ತಿ ಕಟ್ಟಿ ಇಳಿದಳು. ಬಾನಿಯನ್ನು ಹೊಂಗೆ ಮರದ ನೆರಳಿಗೆ ಇಳಿಸಿದರು. ಕೆಟ್ಟ ನೀರನ್ನು ಒಂದೇ ಸಲ ಚೆಲ್ಲಿ ಹಳ್ಳದ ನೀರು ಸುರಿದುಬಿಡೋಣ ಎಂದ ಕರಿಯಣ್ಣ. ಅಜ್ಜಿ ಅವನ ಕೈಯನ್ನು ಹಿಡಿದು ತಳ್ಳಿದಳು. ಚೊಂಬಿನಿಂದ ತಳದ ಅನ್ನದ ಸಮೇತ ಒಂದು ಚೊಂಬು ತೆಗೆಯುವುದು, ಹಳ್ಳದ ನೀರು ಒಂದು ಚೊಂಬು ಎತ್ತರದಿಂದ ಸಣ್ಣಗೆ ಬಿಡುವುದು. ಮತ್ತೆ ಒಂದು ತೆಗೆಯುವುದು, ಒಂದು ಬಿಡುವುದು. ನನ್ನನ್ನು ನೀರು ತರಲು ಓಡಿಸಿದಳು. ಎಷ್ಟು ಸಲ ಓಡಿದೆನೋ ಗೊತ್ತಿಲ್ಲ, ಕಾಲಿಗೆ ಚುಚ್ಚಿದ ಜಾಲಿಮುಳ್ಳು ಸಂಜೆಯವರೆಗೆ ನನಗೆ ತಿಳಿಯಲಿಲ್ಲ. ಪ್ರತಿ ಸಲ ಬರುವಾಗಲೂ ಅಜ್ಜಿಯ ಮುಖ ನೋಡುತ್ತಿದ್ದೆ, ಬಾನಿ ನೋಡುವ ಧೈರ್ಯ ಇರಲಿಲ್ಲ. ಕೊನೆಗೆ ನೀರು ತಿಳಿಯಾಯಿತು. ಆರು ಮೀನು ಮೆಲ್ಲಗೆ ತಳಕ್ಕೆ ಇಳಿದವು. ಒಂದು ಇಳಿಯಲಿಲ್ಲ. ಅಜ್ಜಿ ಅದರ ಹೊಟ್ಟೆಯ ಕೆಳಗೆ ಬೆರಳಿಟ್ಟು ನೆಟ್ಟಗೆ ಹಿಡಿದುಕೊಂಡೇ ಇದ್ದಳು, ಈಜು ಕಲಿಸುವವಳ ಹಾಗೆ. ಬೆರಳು ತೆಗೆದರೆ ಅದು ವಾಲುತ್ತಿತ್ತು.

"ಹೋಯ್ತು ಅಮ್ಮೋರೆ. ಬಿಡ್ರಿ" ಎಂದ ಕರಿಯಣ್ಣ.

ಹಳ್ಳದ ದಡದಲ್ಲಿ ಕರಿಯಣ್ಣ ಗುದ್ದಲಿಯಿಂದ ಒಂದು ಕುಳಿ ತೋಡಿದ. ಅಜ್ಜಿ ಸೊಂಟದ ಚೀಲದಿಂದ ವಿಭೂತಿ ತೆಗೆದು ಮೀನಿಗೆ ಹಚ್ಚಿ ಮಣ್ಣು ಮಾಡಿದಳು. ಜನಕ್ಕೆ ಮಾಡುವ ಹಾಗೆಯೇ. ನಾನು ಅಳುತ್ತಾ ನಿಂತಿದ್ದೆ. ಅವಳು ಕೈ ತೊಳೆದು ಬಂದು ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಅಳು ನಿಲ್ಸು. ನಿಮ್ಮವ್ವ ಕೇಳಿದ್ರೆ ಏಳು ಅನ್ಬೇಕು. ಕರಿಯಣ್ಣ, ನೀನೂ ಅಷ್ಟೆ. ಹೊಟ್ಟೇಲಿಟ್ಕೊಂಡೋಳು ಹೆದರಬಾರದು. ಹೆದರೋದಿದ್ರೆ ನಾವು ಹೆದರೋಣ."

ಸುಳ್ಳು ಹೇಳಿದ್ದಕ್ಕೆ ನನ್ನ ನಾಲಿಗೆಗೆ ಸುಣ್ಣ ಹಚ್ಚಿದ್ದ ಹೆಂಗಸು ಅವಳು. ಅವಳೇ ಹೀಗೆ ಹೇಳಿದಾಗ ನನಗೆ ನಿಜವಾದ ಹೆದರಿಕೆ ಶುರುವಾಯಿತು. ಹರಕೆ ಮುರಿಯಿತೆಂದು ಅಜ್ಜಿಯೂ ನಂಬಿದ್ದಾಳೆ ಎಂದು ಆಗ ಖಚಿತವಾಯಿತು.

ಭದ್ರಾವತಿ ಸೇರುವಾಗ ಕಾರ್ಖಾನೆಯ ಸೀಟಿ ಕೂಗಿತು. ಅಂಥ ಕೂಗು ನಾನು ಕೇಳಿರಲಿಲ್ಲ. ಬಾನಿಯ ನೀರು ನಡುಗಿತು. ಸಾಲುಮನೆಗಳ ಮುಂದೆ ಹೆಂಗಸರು ನಿಂತು ನೋಡುತ್ತಿದ್ದರು. ಪಕ್ಕದ ಮನೆಯ ತಮಿಳಿನ ಅಕ್ಕ ಬಾನಿಯೊಳಗೆ ಬಗ್ಗಿ ನೋಡಿ, ಅಜ್ಜಿಯ ಹಣೆ ನೋಡಿ, ಮತ್ತೆ ಬಾನಿ ನೋಡಿದಳು.

"ಎನ್ನಮ್ಮಾ ಇದು? ಐನೋರ ಮನೇಲಿ ಮೀನಾ? ಕುಳಂಬು, ಮೀನಿನ ಸಾರು, ಯಾವತ್ತು ಹೇಳಿ, ನಾನೇ ಹುಣಸೆಹಣ್ಣು ತರ್ತೀನಿ!"

ಎಲ್ಲರೂ ನಕ್ಕರು. ಅಪ್ಪ ತಲೆ ತಗ್ಗಿಸಿಕೊಂಡು ಒಳಗೆ ಹೋದ. ಅವ್ವ ಮಾತ್ರ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಅವಳು ಅಜ್ಜಿಯನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ಎಲ್ಲ ಬಂದ್ವಾ ಪಾರಿ?"

"ಏಳೂ ಬಂದ್ವು."

ಹಿತ್ತಲಲ್ಲಿ ಒಂದು ಕಲ್ಲಿನ ತೊಟ್ಟಿಯಿತ್ತು, ಅಪ್ಪ ಎರಡು ದಿನ ಮುಂಚೆಯೇ ಬಂದು ಬಾವಿ ನೀರು ತುಂಬಿಸಿ ಹೋಗಿದ್ದ. ಅಜ್ಜಿ ಚೊಂಬು ಚೊಂಬಾಗಿ ನೀರಿಗೆ ನೀರು ಪರಿಚಯ ಮಾಡಿಸಿ ಆರನ್ನೂ ಅದಕ್ಕೆ ಬಿಟ್ಟಳು. ಬಿಟ್ಟವಳೇ ಮಾರನೆಯ ದಿನ ಎಲ್ಲಿಂದಲೋ ಅಂತರಗಂಗೆಯ ಗಿಡ ತರಿಸಿ ತೊಟ್ಟಿಯ ಮೇಲೆಲ್ಲ ಹರಡಿದಳು. ಬಸುರಿ ಹೆಂಗಸು ತೊಟ್ಟಿ ಬಗ್ಗಿ ನೋಡಬಾರದು, ಕೂಸಿಗೆ ಮಾಲುಗಣ್ಣು ಬರುತ್ತದೆ ಎಂದು ಹೊಸದೊಂದು ಶಾಸ್ತ್ರ ಹೊರಡಿಸಿದಳು. ಆ ಶಾಸ್ತ್ರ ಅವತ್ತಿಗೂ ಇರಲಿಲ್ಲ, ಇವತ್ತಿಗೂ ಇಲ್ಲ. ಒಂದು ದಿನ ನಾನು ಮೆಲ್ಲಗೆ, ಹೊಳೆಯಿಂದ ಇನ್ನೊಂದು ಮೀನು ತರಿಸಿಬಿಡೋಣ ಎಂದೆ.

"ಹರಕೆ ಅಂದ್ರೆ ಬಳೆ ಅಂದ್ಕೊಂಡ್ಯಾ, ಒಂದು ಒಡೆದ್ರೆ ಇನ್ನೊಂದು ತೊಡ್ಸೋಕೆ?" ಎಂದಳು. ಆದರೆ ಆವತ್ತಿನಿಂದ ಅವಳು ಸಂಜೆಯ ಊಟ ಬಿಟ್ಟಳು. ಅಪ್ಪ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು.

ಆ ಎರಡು ತಿಂಗಳು ಆ ಮನೆಯಲ್ಲಿ ನಾನು ನೆಟ್ಟಗೆ ಉಸಿರಾಡಲಿಲ್ಲ. ಎರಡೇ ಕೋಣೆಯ ಮನೆ. ಅವ್ವ ಏಳುವಾಗ ನರಳಿದರೆ ನಾನು ಕೈಯಲ್ಲಿದ್ದದ್ದು ಬೀಳಿಸುತ್ತಿದ್ದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತರೆ, ಒಳಗೆ ಒದೆಯುವುದು ನಿಂತಿತೇನೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ. ಹೇಳಿಬಿಡಬೇಕು ಎಂದು ಬಾಯಿಯವರೆಗೆ ಬಂದದ್ದು ಎಷ್ಟೋ ಸಲ. ಈಗ ನನ್ನ ಮೊಮ್ಮಕ್ಕಳು, ಅಜ್ಜಿಗೆ ಬಾಯಲ್ಲಿ ಏನೂ ನಿಲ್ಲುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ ಎಂದು ದೂರುತ್ತಾರೆ. ನಿಲ್ಲಿಸಿಕೊಂಡು ನೋಡಿದ್ದೇನೆ ನಾನು, ಎರಡು ತಿಂಗಳು. ಸಾಕು.

ಹೆರಿಗೆ ನೋವು ಬಂದದ್ದು ಒಂದು ಮಧ್ಯಾಹ್ನ, ಕಾರ್ಖಾನೆಯ ಎರಡನೆಯ ಸೀಟಿ ಆದಮೇಲೆ. ಸೂಲಗಿತ್ತಿಯೂ ಪಕ್ಕದ ತಮಿಳಿನ ಅಕ್ಕನೂ ಒಳಗೆ. ನನ್ನನ್ನು ಹಿತ್ತಲಿಗೆ ಅಟ್ಟಿ ಬಾಗಿಲು ಹಾಕಿದರು. ತೊಟ್ಟಿಯ ಕಲ್ಲು ಕಾದು ಹೋಗಿತ್ತು, ಅದರ ಮೇಲೇ ಕೂತೆ. ಗಿಡ ಸರಿಸಿ ಆರನ್ನೂ ಎಣಿಸಿದೆ, ಮತ್ತೆ ಎಣಿಸಿದೆ. ಒಳಗಿನಿಂದ ಅವ್ವ ಒಂದು ಸಲ ಕೂಗಿದಳು, ಆಮೇಲೆ ಏನೂ ಇಲ್ಲ. ಎಷ್ಟು ಹೊತ್ತು ಏನೂ ಇರಲಿಲ್ಲವೆಂದರೆ ನಾನು ಎದ್ದು ನಿಂತು ಹಿಂದಿನ ಬಾಗಿಲನ್ನೇ ನೋಡುತ್ತಿದ್ದೆ. ಅಪ್ಪ ಬಿಳಿ ಬಟ್ಟೆ ಹಿಡಿದುಕೊಂಡು ಅಲ್ಲಿಂದಲೇ ಬರಬೇಕು. ಒಳಗೆ ಕೂಸಿನ ಬೆನ್ನ ಮೇಲೆ ನಾಲ್ಕು ಬಾರಿಸಿದ ಸದ್ದು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ದನಿ, ಆಮೇಲೆ ಸಿಟ್ಟು ಬಂದವನ ಹಾಗೆ ಅಳು. ಅವನು ಬದುಕಿದ. ಬದುಕಿ ಮುಂದೆ ಒಂದು ಜನ್ಮವಿಡೀ ನನ್ನ ಜೊತೆ ಜಗಳವಾಡಿದ, ಅದು ಬೇರೆ ಮಾತು. ಅವತ್ತು ನಾನು ಒಳಗೆ ಹೋಗಲಿಲ್ಲ. ಹೋದಮೇಲೂ ಅವನನ್ನು ಮುಟ್ಟಲಿಲ್ಲ. ಮೊದಲನೆಯವನು ಒಂಬತ್ತು ದಿನ ಇದ್ದು ಹೋಗಿದ್ದ. ಮೀನು ಕೊಂದದ್ದು ಈ ಕೈ. ಯಾರಾದರೂ ಎತ್ತಿಕೋ ಎಂದರೆ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಿನವಳು ಎಂದು ಎಲ್ಲರೂ ನಕ್ಕರು.

ಒಂಬತ್ತು ದಿನ ಕಳೆದವು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವುದೆಂದಾಯಿತು. ಆ ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ಕೂತು ಒದ್ದೆ ಪಂಚೆಯಲ್ಲಿ ಮೀನುಗಳನ್ನು ಒಂದೊಂದಾಗಿ ಎತ್ತಿ ಬಾನಿಗೆ ಬಿಡುತ್ತಿದ್ದಳು, ಭದ್ರಾ ಹೊಳೆಗೆ ಒಯ್ಯಲು. ಅವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅಜ್ಜಿ ಗಾಬರಿಯಾಗಿ ಬಾನಿಗೆ ಬಟ್ಟೆ ಎಳೆದಳು.

"ಬಿಸಿಲಲ್ಲಿ ಯಾಕೆ ಬಂದೆ? ಬಾಣಂತಿ ನೀನು. ಒಳಗೆ ಹೋಗು."

"ಮುಚ್ಬೇಡಿ ಅತ್ತೆ. ಆರೇ ಇರೋದು ನಂಗೊತ್ತು."

ಅಜ್ಜಿಯ ಕೈ ಬಟ್ಟೆಯ ಮೇಲೇ ನಿಂತಿತು.

"ಯಾವತ್ತಿಂದ?"

"ಬಂದ ಮಾರನೇ ದಿನದಿಂದ. ನೀವು ಗಿಡ ಹಾಕೋಕೆ ಮುಂಚೆ ಎಣಿಸಿದ್ದೆ."

"ಮತ್ತೆ ಬಾಯಿ ಬಿಡ್ಲಿಲ್ಲ?"

"ನಿಮ್ಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಬೆಕ್ಕೋ ಕಾಗೆಯೋ ತಗೊಂಡು ಹೋಗಿರ್ಬೇಕು, ಗೊತ್ತಾದ್ರೆ ಎದೆ ಒಡ್ಕೋತೀರಿ ಅಂತ ಸುಮ್ಮನಿದ್ದೆ. ದಿನಾ ಸಾಯ್ತಿದ್ದೆ ಅತ್ತೆ. ಒದೆಯೋದು ಒಂದು ಗಳಿಗೆ ನಿಂತ್ರೂ ಸಾಯ್ತಿದ್ದೆ."

ಅಜ್ಜಿ ತೊಟ್ಟಿಯ ಅಂಚಿಗೆ ಒರಗಿದಳು. ಅವಳ ಮುಖ ಏನೇನೋ ಆಯಿತು, ನಗುವೋ ಅಳುವೋ ಹೇಳಲು ಬರುವಂತಿರಲಿಲ್ಲ. ನಾನು ಇನ್ನು ತಡೆಯಲಾರದೆ ಒದರಿಬಿಟ್ಟೆ.

"ಬೆಕ್ಕಲ್ಲ ಅವ್ವ. ನಾನು. ಹೊರಡೋ ದಿನ ಮೊಸರನ್ನ ಹಾಕಿದೆ. ನೀರು ಕೆಟ್ಟು ಸತ್ತೋಯ್ತು. ಏಳು ಅಂತ ಸುಳ್ಳು ಹೇಳಿದೆ."

"ಹೇಳಿಸಿದ್ದು ನಾನು" ಎಂದಳು ಅಜ್ಜಿ.

ಅವ್ವ ನನ್ನನ್ನೂ ಅಜ್ಜಿಯನ್ನೂ ನೋಡಿದಳು. ಆಮೇಲೆ ನನ್ನ ಬೆನ್ನ ಹಿಂದೆ ಕಟ್ಟಿದ್ದ ಕೈಗಳನ್ನು ನೋಡಿದಳು. ಹದಿಮೂರು ದಿನ ಅದನ್ನು ಹೊಟ್ಟೆಕಿಚ್ಚು ಎಂದು ಅವಳೂ ನಕ್ಕಿದ್ದಳು.

"ಕೂತ್ಕೊ" ಎಂದಳು.

"ನಾನು ಎತ್ಕೊಳಲ್ಲ."

"ಕೂತ್ಕೊ ಅಂದೆ. ಕಾಲು ಮಡಚು. ಕೈ ಮುಂದೆ ತಾ."

ಹೊಸ್ತಿಲ ಮೇಲೆ ಕೂತೆ. ಅವ್ವ ನಿದ್ದೆಯಲ್ಲಿದ್ದ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ, ನನ್ನ ಬಲಗೈ ಹಿಡಿದು ಅವನ ಕುತ್ತಿಗೆಯ ಕೆಳಗೆ ಇಟ್ಟಳು. ಅಜ್ಜಿ ಬಾನಿ ಎತ್ತಿ ಸೊಂಟಕ್ಕೇರಿಸಿಕೊಂಡು, ನಮ್ಮಿಬ್ಬರ ಪಕ್ಕದಿಂದಲೇ ದಾಟಿ ಹೊಳೆಗೆ ಹೊರಟಳು. ಅವ್ವ ತೊಟ್ಟಿಲು ಕಟ್ಟಲು ಒಳಗೆ ಹೋದಳು, ತಿರುಗಿ ನೋಡಲೂ ಇಲ್ಲ. ಅವನ ತಲೆ ಬಿಸಿಯಾಗಿತ್ತು, ನಾನು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಎಡಗೈಯನ್ನೂ ತಂದು ಅವನ ಬೆನ್ನ ಕೆಳಗೆ ಸೇರಿಸಿದೆ. ಅವನು ಅದಕ್ಕೂ ಏಳಲಿಲ್ಲ.